ಮದುವೆ ರಿಜಿಸ್ಟರ್ ಆಗುವುದಿಲ್ಲ, ಹಾಗಂತ ನಿಮಗೆ ಏನೂ ಇಲ್ಲ ಎಂದಲ್ಲ

ಪ್ರಶ್ನೆ: ನಾನು 29 ವರ್ಷದ ಯುವತಿ. ಊರು ದಾವಣಗೆರೆ ಕಡೆ, ಕೆಲಸ ಬೆಂಗಳೂರಿನಲ್ಲಿ. ನಾನೂ ನನ್ನ ಸಂಗಾತಿಯೂ (ಅವಳಿಗೆ 31) ನಾಲ್ಕು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ. ಓನರ್ ಲೆಕ್ಕದಲ್ಲಿ ರೂಮ್‌ಮೇಟ್ಸ್. ಈಚೆಗೆ ಅವಳಿಗೆ ಆಪರೇಷನ್ ಆಯಿತು. ಫಾರಂಗೆ ಸಹಿ ಹಾಕಲು ಹೋದರೆ "ನೀವು ಏನಾಗಬೇಕು?" ಎಂದು ಕೇಳಿದರು. ಫ್ರೆಂಡ್ ಎಂದೆ. "ಮನೆಯವರನ್ನ ಕರೆಸಿ" ಎಂದರು. ಅವಳ ಅಣ್ಣ ಬಂದ, ವಿಷಯ ಗೊತ್ತಾಯಿತು. ಈಗ "ಇದು ಕ್ರೈಮ್, ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ" ಎನ್ನುತ್ತಿದ್ದಾನೆ. ನಮ್ಮ ಮನೆಯಲ್ಲೂ ಗಂಡು ನೋಡುತ್ತಿದ್ದಾರೆ. ಸುಪ್ರೀಂ ಕೋರ್ಟ್ ನಮಗೆ ಹಕ್ಕೇ ಇಲ್ಲ ಎಂದಿದೆ ಅಂತ ಎಲ್ಲರೂ ಹೇಳುತ್ತಾರೆ. ಒಬ್ಬರು ನೋಟರಿ ಹತ್ತಿರ ಅಗ್ರಿಮೆಂಟ್ ಮದುವೆ ಮಾಡಿಸಿ ಎಂದರು. ಇನ್ನೊಬ್ಬರು ಥಾಯ್ಲೆಂಡ್‌ಗೆ ಹೋಗಿ ಎಂದರು. ಇಬ್ಬರೂ ಸೇರಿ ಫ್ಲಾಟ್ ತಗೊಳ್ಳುವ ಯೋಚನೆಯೂ ಇದೆ. ನಿಜವಾಗಿ ಸಂವಿಧಾನದಲ್ಲಿ ನಮಗೆ ಏನಿದೆ, ಏನಿಲ್ಲ? ಹೆಸರು ಹಾಕಬೇಡಿ.

ಉತ್ತರ: ನೀವು ಕೇಳಿದ್ದು ಹಲವು ಪ್ರಶ್ನೆ, ಚಿಂತೆ ಮಾತ್ರ ಒಂದೇ. ನಾಳೆ ಏನಾದರೂ ಆದರೆ ಕಾನೂನಿನ ಕಣ್ಣಿಗೆ ನಾವಿಬ್ಬರೂ ಒಬ್ಬರಿಗೊಬ್ಬರು ಏನಾದರೂ ಆಗುತ್ತೇವಾ, ಇಲ್ಲ ದಾರಿಹೋಕರಾ ಎಂಬುದು. ವಕೀಲನಾಗಿ ಇಂಥ ಜೋಡಿಗಳ ಜೊತೆ ಕೂತಾಗೆಲ್ಲ ನಾನು ಮೊದಲು ಬಿಡಿಸಿ ಹೇಳುವುದು ಒಂದೇ ವಿಷಯ. ಒಟ್ಟಿಗೆ ಬದುಕುವ ಹಕ್ಕು ಬೇರೆ, ಗಂಡ-ಹೆಂಡತಿ ಎಂಬ ಸ್ಥಾನಮಾನ ಬೇರೆ. ಮೊದಲನೆಯದು ನಿಮಗಿದೆ, ಗಟ್ಟಿಯಾಗಿಯೇ ಇದೆ. ಎರಡನೆಯದು ಸದ್ಯಕ್ಕೆ ಇಲ್ಲ. ನಿಮಗೆ ಸಲಹೆ ಕೊಡುತ್ತಿರುವವರು ಎರಡನ್ನೂ ಕಲಸಿಬಿಟ್ಟಿದ್ದಾರೆ.

ಅಣ್ಣನ ಬೆದರಿಕೆಯಿಂದಲೇ ಶುರು ಮಾಡೋಣ. ಅವನು ಹೇಳುತ್ತಿರುವುದು ಹಳೇ ಕಾಲದ ಕಾನೂನು. ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ ಅನ್ನು 2009ರಲ್ಲಿ ದೆಹಲಿ ಹೈಕೋರ್ಟ್ ಸಡಿಲಿಸಿತು. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ವಾಪಸ್ ತಂದಿತು. 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ, ವಯಸ್ಕರಿಬ್ಬರು ಒಪ್ಪಿ ಖಾಸಗಿಯಾಗಿ ಇರುವುದು ಅಪರಾಧವೇ ಅಲ್ಲ ಎಂದರು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಂತೂ ಆ ಸೆಕ್ಷನ್ನೇ ಇಲ್ಲ. ಅಣ್ಣ ಯಾವ ಸೆಕ್ಷನ್ ಹಾಕಿಸುತ್ತಾನೆ, ಕೇಳಿ ನೋಡಿ.

2018ರ ಆ ತೀರ್ಪಿಗೆ ನೆಲ ಹದ ಮಾಡಿಕೊಟ್ಟವರು ಕರ್ನಾಟಕದವರು ಎಂಬುದು ಅನೇಕರಿಗೆ ಗೊತ್ತಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬತ್ತು ದಾಟಿದ ವಯಸ್ಸಿನಲ್ಲಿ ಆಧಾರ್ ವಿರುದ್ಧ ಕೋರ್ಟಿಗೆ ಹೋದರು. ಅದರಿಂದ 2017ರ ಆಗಸ್ಟ್‌ನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂತು: ಖಾಸಗಿತನ ಮೂಲಭೂತ ಹಕ್ಕು. 2013ರ ತೀರ್ಪಿನಲ್ಲಿ ಸಲಿಂಗಿಗಳು ಜನಸಂಖ್ಯೆಯ ತೀರಾ ಸಣ್ಣ ಪಾಲು ಎಂಬ ಮಾತಿತ್ತು. ಹಕ್ಕು ಕೊಡಲು ತಲೆ ಎಣಿಸಬೇಕಿಲ್ಲ ಎಂದು ಈ ಪೀಠ ಅದನ್ನು ನೇರವಾಗಿಯೇ ತಳ್ಳಿಹಾಕಿತು. ಆಧಾರ್ ಕೇಸಿನಲ್ಲಿ ಹುಟ್ಟಿದ ಮಾತು ನಿಮ್ಮ ಬಾಡಿಗೆ ಮನೆಯ ಬಾಗಿಲು ಕಾಯುತ್ತಿದೆ!

ಇಷ್ಟೆಲ್ಲ ಇದ್ದರೂ ಸ್ಟೇಷನ್ನಿನಲ್ಲಿ ನಡೆಯುವುದು ಬೇರೆ. ಮನೆಯವರು "ಕ್ರೈಮ್" ಎಂದು ದೂರು ಕೊಡುವುದಿಲ್ಲ. "ನಮ್ಮ ಹುಡುಗಿ ಕಾಣೆಯಾಗಿದ್ದಾಳೆ" ಎಂದೋ, "ಯಾರೋ ತಲೆ ಕೆಡಿಸಿ ಕರೆದುಕೊಂಡು ಹೋಗಿದ್ದಾರೆ" ಎಂದೋ ಕೊಡುತ್ತಾರೆ. ಇಬ್ಬರನ್ನೂ ಕರೆಸುತ್ತಾರೆ, ಬೇರೆ ಬೇರೆ ಕೂರಿಸುತ್ತಾರೆ. ಬೆಂಚಿನ ಮೇಲೆ ಅಮ್ಮ ಅಳುತ್ತಿರುತ್ತಾರೆ. ರೈಟರ್ ಬಿಳಿ ಹಾಳೆ ಮುಂದಿಟ್ಟು "ಒಂದು ವಾರ ಊರಿಗೆ ಹೋಗಿ ಬಾಮ್ಮ, ಎಲ್ಲ ಸರಿ ಹೋಗತ್ತೆ, ಇಲ್ಲಿ ಸೈನ್ ಹಾಕು" ಎನ್ನುತ್ತಾರೆ. ನಾನು ನೋಡಿದ ಮಟ್ಟಿಗೆ ಹೆಚ್ಚಿನ ಹಾನಿ ಆಗುವುದು ಇಲ್ಲೇ. ಆ ಒಂದು ವಾರದಲ್ಲಿ ಫೋನ್ ಕಿತ್ತುಕೊಳ್ಳುತ್ತಾರೆ, ಮದುವೆ ಗೊತ್ತು ಮಾಡುತ್ತಾರೆ. ಮುಚ್ಚಳಿಕೆಗೆ ಸಹಿ ಹಾಕಬೇಡಿ. "ನಾನು ವಯಸ್ಕಳು, ನನ್ನ ಇಚ್ಛೆಯಿಂದ ಇಲ್ಲಿದ್ದೇನೆ, ಮನೆಗೆ ಹೋಗಲು ಇಷ್ಟವಿಲ್ಲ" ಎಂಬ ಹೇಳಿಕೆ ಬರೆಸಿ, ಪ್ರತಿ ಕೇಳಿ.

ಇದಕ್ಕೂ ಮೊದಲು ಮಾಡಬಹುದಾದ ಕೆಲಸವೊಂದಿದೆ. ನೀವಿರುವ ಏರಿಯಾದ ಠಾಣೆಗೂ ಡಿಸಿಪಿ ಕಚೇರಿಗೂ ಈಗಲೇ ಒಂದು ಪತ್ರ ಕಳಿಸಿ. ವಯಸ್ಸಿನ ದಾಖಲೆ ಲಗತ್ತಿಸಿ, ಬೆದರಿಕೆ ಇರುವುದನ್ನು ತಿಳಿಸಿ. ಸ್ಪೀಡ್ ಪೋಸ್ಟ್ ರಸೀದಿ ಇಟ್ಟುಕೊಳ್ಳಿ. ಆಮೇಲೆ ನಾಪತ್ತೆ ದೂರು ಬಂದರೆ ಅದು ಅಲ್ಲೇ ತಣ್ಣಗಾಗುವ ಸಾಧ್ಯತೆ ಜಾಸ್ತಿ.

ಒಬ್ಬರನ್ನು ಬಲವಂತವಾಗಿ ಎಳೆದೊಯ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ತನ್ನಿ ಎಂದು ಕೇಳುವ ಅರ್ಜಿ, ಹಾಕಬಹುದು. ಸಂಗಾತಿಯೇ ಹಾಕಬಹುದು, ಮದುವೆಯಾಗಿರಬೇಕೆಂದಿಲ್ಲ. 2024ರ ಮಾರ್ಚ್‌ನಲ್ಲಿ ಕೇರಳದ ಇಂಥದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಕೋರ್ಟುಗಳಿಗೂ ಮಾರ್ಗಸೂಚಿ ಕೊಟ್ಟಿತು. ಇಂಥ ಅರ್ಜಿಗಳನ್ನು ತಡಮಾಡದೆ ಕೈಗೆತ್ತಿಕೊಳ್ಳಬೇಕು. ಅರ್ಜಿ ಹಾಕಿದವರಿಗೂ ಆ ವ್ಯಕ್ತಿಗೂ ಏನು ಸಂಬಂಧ ಎಂದು ಕೆದಕಬಾರದು. ಮನೆಯವರಿಲ್ಲದ ಜಾಗದಲ್ಲಿ ಆಕೆಯ ಮಾತು ಕೇಳಬೇಕು. ಮನಸ್ಸು ಬದಲಿಸುವ ಕೌನ್ಸೆಲಿಂಗ್‌ಗೆ ಕಳಿಸಲೇಬಾರದು. 2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟ್ ಇಬ್ಬರು ಹೆಣ್ಣುಮಕ್ಕಳ ಕೇಸಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕುಟುಂಬ ಕಟ್ಟಿಕೊಳ್ಳಲು ಮದುವೆಯೊಂದೇ ದಾರಿಯಲ್ಲ ಎಂದಿತು. ನಮ್ಮಲ್ಲಿ ಬೆಂಗಳೂರಲ್ಲದೆ ಧಾರವಾಡ, ಕಲಬುರಗಿಯಲ್ಲೂ ಹೈಕೋರ್ಟ್ ಪೀಠಗಳಿವೆ. ಎಲ್ಲಿ ಕೂಡಿಹಾಕಿದ್ದಾರೆ ಎಂಬುದರ ಮೇಲೆ ಎಲ್ಲಿ ಹಾಕಬೇಕೆಂದು ವಕೀಲರು ನಿರ್ಧರಿಸುತ್ತಾರೆ.

ಮನೆಯವರು ಹೊಡೆದರೆ, ಕೂಡಿಹಾಕಿದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯೂ ಇದೆ. ಅದು ಸೊಸೆಯಂದಿರಿಗೆ ಮಾತ್ರ ಎಂದುಕೊಂಡಿದ್ದಾರೆ ಜನ. ತಂದೆ, ಅಣ್ಣನ ವಿರುದ್ಧ ಮಗಳೂ ಬಳಸಬಹುದು. "ಡಾಕ್ಟರ್ ಹತ್ತಿರ ಸರಿ ಮಾಡಿಸ್ತೀವಿ" ಎಂದು ಯಾರಾದರೂ ಕರೆದೊಯ್ದರೆ, ಹಾಗೆ "ಸರಿ ಮಾಡುವ" ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು 2022ರಲ್ಲೇ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದೆ.

ಈಗ ಮದುವೆಯ ವಿಷಯ. ಸಲಿಂಗ ಮದುವೆಗೆ ಮಾನ್ಯತೆ ಕೇಳಿ ಸುಪ್ರೀಂ ಕೋರ್ಟಿಗೆ ಹೋದ ಸುಪ್ರಿಯೋ ಪ್ರಕರಣದ 2023ರ ಅಕ್ಟೋಬರ್ 17ರ ತೀರ್ಪನ್ನು "ಕೋರ್ಟ್ ನಮ್ಮನ್ನು ಬೇಡ ಎಂದಿತು" ಎಂದು ಓದಿದರೆ ಅರ್ಧ ಸರಿ, ಅರ್ಧ ತಪ್ಪು. ಐವರು ನ್ಯಾಯಮೂರ್ತಿಗಳೂ ಒಪ್ಪಿದ್ದು ಎರಡು ವಿಷಯ. ಮದುವೆ ಆಗುವುದೇ ಒಂದು ಪೂರ್ಣ ಮೂಲಭೂತ ಹಕ್ಕು ಎಂದು ಸಂವಿಧಾನದಲ್ಲಿಲ್ಲ. 1954ರ ವಿಶೇಷ ವಿವಾಹ ಕಾಯ್ದೆಯನ್ನು ಕೋರ್ಟ್ ತಾನೇ ತಿದ್ದಿ ಬರೆಯಲಾಗದು. ಆ ಕಾಯ್ದೆಯ 4ನೇ ಸೆಕ್ಷನ್ ಗಂಡಿಗೆ 21 ವರ್ಷ, ಹೆಣ್ಣಿಗೆ 18 ವರ್ಷ ಆಗಿರಬೇಕು ಎನ್ನುತ್ತದೆ. "ಗಂಡ", "ಹೆಂಡತಿ" ಎಂಬುದು ಅದರ ಉದ್ದಕ್ಕೂ ಹರಡಿದೆ. ಅಲ್ಲೊಂದು ಪದ ಬದಲಿಸಿದರೆ ಆಸ್ತಿ, ಜೀವನಾಂಶ, ದತ್ತು ಎಂದು ಹತ್ತಾರು ಕಾನೂನು ಅಲುಗಾಡುತ್ತವೆ, ಅದು ಸಂಸತ್ತಿನ ಕೆಲಸ ಎಂದರು.

ಒಡಕು ಬಂದದ್ದು ಮುಂದಿನ ಹೆಜ್ಜೆಯಲ್ಲಿ. ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ಎಸ್.ಕೆ. ಕೌಲ್, ಮದುವೆಯಲ್ಲದಿದ್ದರೂ ಈ ಜೋಡಿಗಳ ಸಂಬಂಧಕ್ಕೆ ಸರ್ಕಾರ ಮಾನ್ಯತೆ ಕೊಡಬೇಕು, ಅವರಿಗೆ ಜಂಟಿಯಾಗಿ ದತ್ತು ಪಡೆಯಲೂ ಬಿಡಬೇಕು ಎಂದರು. ರವೀಂದ್ರ ಭಟ್, ಹಿಮಾ ಕೊಹ್ಲಿ, ಪಿ.ಎಸ್. ನರಸಿಂಹ ಒಪ್ಪಲಿಲ್ಲ. 3:2. ಆದರೆ ಆ ಮೂವರೂ ನಿಮ್ಮ ಸಂಬಂಧ ತಪ್ಪು ಎನ್ನಲಿಲ್ಲ. ಇಷ್ಟಪಟ್ಟವರ ಜೊತೆ ಬದುಕುವ ಹಕ್ಕು ಜೀವ ಮತ್ತು ಸ್ವಾತಂತ್ರ್ಯ ಕಾಯುವ ಸಂವಿಧಾನದ 21ನೇ ವಿಧಿಯಲ್ಲಿದೆ, ಅದಕ್ಕೆ ಅಡ್ಡಿ ಮಾಡುವಂತಿಲ್ಲ ಎಂದರು. ಅದನ್ನು ಗುರುತಿಸುವ ಹೊಸ ಕಾನೂನು ಮಾಡಿ ಎಂದು ಸರ್ಕಾರಕ್ಕೆ ಆಜ್ಞೆ ಕೊಡಲಾರೆವು ಎಂಬುದು ಅವರ ವಾದ. ನನಗೆ ಈ ವಾದ ರುಚಿಸುವುದಿಲ್ಲ. ಹಕ್ಕಿದೆ ಎಂದು ಒಪ್ಪಿ, ಅದನ್ನು ಬಳಸಲು ಬೇಕಾದ ಬಾಗಿಲು ನಮ್ಮ ಕೆಲಸವಲ್ಲ ಎಂದಂತಾಯಿತು. ಏನೇ ಇರಲಿ, ಈಗಿರುವ ಕಾನೂನು ಅದೇ. ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿ 9ರಂದು ವಜಾ ಆದವು.

ಅದೇ ತೀರ್ಪಿನಲ್ಲಿ ಒಂದು ವಿನಾಯಿತಿಯೂ ಇದೆ. ಸಂಗಾತಿಗಳಲ್ಲಿ ಒಬ್ಬರು ಟ್ರಾನ್ಸ್‌ಜೆಂಡರ್ ಆಗಿದ್ದು ಗಂಡು-ಹೆಣ್ಣು ಜೋಡಿಯಾಗಿದ್ದರೆ ಈಗಿನ ಕಾನೂನಿನಲ್ಲೇ ಮದುವೆಯಾಗಬಹುದು. ನಿಮ್ಮ ಪತ್ರ ನೋಡಿದರೆ ಅದು ನಿಮಗೆ ಅನ್ವಯಿಸುವುದಿಲ್ಲ.

ಮುಂದೆ ಬದಲಾಗಬಹುದಾ? 2009, 2013, 2018ರ ಏರಿಳಿತ ಕಂಡವರು "ಇದೇ ಕೊನೆ" ಎನ್ನಲಾರರು. ಇನ್ನೊಂದು ಮಾತು. ಮದುವೆ ಎಂಬ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಅಂದರೆ ಸಂಸತ್ತಷ್ಟೇ ಅಲ್ಲ, ವಿಧಾನಸಭೆಯೂ ಕಾನೂನು ಮಾಡಬಹುದು. ಕೇಂದ್ರದ ಕಾನೂನಿಗೆ ವಿರುದ್ಧವಾದರೆ ರಾಷ್ಟ್ರಪತಿಯ ಒಪ್ಪಿಗೆ ಬೇಕು, ಅಷ್ಟೇ. ಯಾವ ರಾಜ್ಯವೂ ಇನ್ನೂ ಆ ಕಡೆ ತಲೆ ಹಾಕಿಲ್ಲ. ಅದನ್ನು ನಂಬಿಕೊಂಡು ಫ್ಲಾಟ್ ತಗೊಳ್ಳಬೇಡಿ.

ನೋಟರಿ ಮದುವೆ ಬಗ್ಗೆ ಕಟುವಾಗಿಯೇ ಹೇಳುತ್ತೇನೆ. ನೋಟರಿ ಮುಂದೆ ಸಹಿ ಹಾಕಿದರೆ ಗಂಡು-ಹೆಣ್ಣಿನ ಮದುವೆಯೂ ಆಗುವುದಿಲ್ಲ. ಮದುವೆ ಪತ್ರ, ವಿಚ್ಛೇದನ ಪತ್ರ ಮಾಡಿಕೊಡುವ ಅಧಿಕಾರ ನೋಟರಿಗಳಿಗಿಲ್ಲ ಎಂದು ಕೇಂದ್ರ ಕಾನೂನು ಸಚಿವಾಲಯ 2024ರಲ್ಲಿ ಜ್ಞಾಪನೆಯನ್ನೇ ಹೊರಡಿಸಿತು. ದುಡ್ಡು ಕೊಟ್ಟರೆ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇವೆ ಎನ್ನುವ ಏಜೆಂಟರಿಂದ ಇನ್ನೂ ದೂರವಿರಿ. ದಾಖಲೆಯಲ್ಲಿ ಒಬ್ಬರನ್ನು ಗಂಡು ಎಂದು ತೋರಿಸಿದರೆ ಅದು ಫೋರ್ಜರಿ. ಇಲ್ಲದ ಅಪರಾಧವನ್ನು ನೀವೇ ಕೈಯಾರೆ ತಂದುಕೊಂಡಂತೆ. ದೇವಸ್ಥಾನದಲ್ಲಿ ಹಾರ ಬದಲಾಯಿಸಿಕೊಂಡರೆ ತಪ್ಪೇನಿಲ್ಲ, ಖುಷಿಯಿಂದ ಮಾಡಿ. ಅದಕ್ಕೆ ಕಾನೂನಿನ ಬೆಲೆ ಮಾತ್ರ ಇಲ್ಲ.

ಥಾಯ್ಲೆಂಡ್‌ನಲ್ಲಿ 2025ರ ಜನವರಿ 23ರಿಂದ ಸಲಿಂಗ ಮದುವೆಗೆ ಕಾನೂನಿದೆ, ನಿಜ. ಆದರೆ ಬೆಂಗಳೂರಿಗೆ ವಾಪಸ್ ಬಂದರೆ ಆ ಸರ್ಟಿಫಿಕೇಟ್ ಇಲ್ಲಿ ಗೋಡೆಗೆ ಹಾಕಲಷ್ಟೇ. ವಿದೇಶದಲ್ಲಿ ಆಗುವ ಮದುವೆಗಳಿಗಿರುವ ನಮ್ಮ 1969ರ ಕಾಯ್ದೆಯಲ್ಲೂ ವರ-ವಧು ಎಂದೇ ಇದೆ. ಆ ಸರ್ಟಿಫಿಕೇಟ್ ಕೆಲಸಕ್ಕೆ ಬರುವುದು ನೀವು ಕೆನಡಾ, ಬ್ರಿಟನ್, ಅಮೆರಿಕದಂಥ ಕಡೆ ಹೋಗಿ ನೆಲೆಸುವುದಾದರೆ. ಅಲ್ಲಿ ಸಂಗಾತಿ ವೀಸಾ ಸಿಗಬಹುದು. ಐಟಿ ಕೆಲಸದಲ್ಲಿರುವ ಕೆಲವರು ಈ ದಾರಿ ಹಿಡಿದಿದ್ದಾರೆ. ಇದರಲ್ಲಿ ಯಾರೂ ಹೇಳದ ಒಂದು ಅಪಾಯವಿದೆ. ನಾಳೆ ಬೇರೆಯಾಗಬೇಕಾದರೆ ಇಲ್ಲಿನ ಕೋರ್ಟ್ ವಿಚ್ಛೇದನ ಕೊಡಲಾಗದು, ಏಕೆಂದರೆ ಅದರ ದೃಷ್ಟಿಯಲ್ಲಿ ಮದುವೆಯೇ ಆಗಿಲ್ಲ. ಎಷ್ಟೋ ದೇಶಗಳಲ್ಲಿ ಅಲ್ಲಿ ವಾಸವಿದ್ದರೆ ಮಾತ್ರ ವಿಚ್ಛೇದನ. ಎರಡೂ ಕಡೆ ಅಲ್ಲದ ಸ್ಥಿತಿ.

ಹಾಗಾದರೆ ಮಾಡುವುದೇನು? ಮದುವೆಯಾದವರಿಗೆ ಕಾನೂನು ಕೇಳದೆಯೇ ಕೊಡುವುದನ್ನು ನೀವು ಒಂದೊಂದಾಗಿ ಬರೆದು ಪಡೆಯಬೇಕು. ಎಲ್ಲವೂ ಸಿಗುವುದಿಲ್ಲ, ಸಾಕಷ್ಟು ಸಿಗುತ್ತದೆ.

ಆಸ್ಪತ್ರೆಯ ಮಾತು ಮೊದಲು, ಅಲ್ಲೇ ಅಲ್ವಾ ನಿಮಗೆ ನೋವಾಗಿದ್ದು. ಎಚ್ಚರವಿರುವ ವಯಸ್ಕ ರೋಗಿಯ ಚಿಕಿತ್ಸೆಗೆ ಬೇಕಾದದ್ದು ಆಕೆಯದೇ ಒಪ್ಪಿಗೆ. ಅಣ್ಣನದೂ ಅಲ್ಲ, ಗಂಡನದೂ ಅಲ್ಲ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ರೋಗಿ ಅರಿವಳಿಕೆಯಲ್ಲಿದ್ದಾಗ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಡಾಕ್ಟರ್ ದೊಡ್ಡ ಆಪರೇಷನ್ ಮಾಡಿದ್ದರು. ಆ ಒಪ್ಪಿಗೆ ನಡೆಯುವುದಿಲ್ಲ ಎಂದಿತು ಸುಪ್ರೀಂ ಕೋರ್ಟ್. ಹೆತ್ತ ತಾಯಿಯ ಸಹಿಯೇ ನಿಲ್ಲಲಿಲ್ಲ ನೋಡಿ. "ಮನೆಯವರನ್ನ ಕರೆಸಿ" ಎನ್ನುವುದು ಬಹುಪಾಲು ಆಸ್ಪತ್ರೆಗಳ ರೂಢಿ. ಬಿಲ್ ಕಟ್ಟುವವರು ಯಾರು, ನಾಳೆ ಗಲಾಟೆ ಮಾಡುವವರು ಯಾರು ಎಂಬ ಚಿಂತೆ ಅವರದು.

ತೊಂದರೆ ಬರುವುದು ಪ್ರಜ್ಞೆ ಇಲ್ಲದಾಗ. ಅದಕ್ಕೆ ಜನರಲ್ ಪವರ್ ಆಫ್ ಅಟಾರ್ನಿ (ನಮ್ಮ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ) ಸಾಕು ಎಂದು ಕೆಲವರು ಹೇಳುತ್ತಾರೆ. ಸಾಲದು. ಬರೆದುಕೊಟ್ಟವರು ಬುದ್ಧಿ ಸ್ವಾಧೀನ ಕಳೆದುಕೊಂಡರೆ ನಮ್ಮ ಕಾನೂನಿನಲ್ಲಿ ಆ ಅಧಿಕಾರವೂ ನಿಲ್ಲುತ್ತದೆ. ಬೇಕಾಗಿರುವುದು ಮುಂಗಡ ವೈದ್ಯಕೀಯ ನಿರ್ದೇಶನ, ಅಂದರೆ ನಾನು ಹೇಳಲಾಗದ ಸ್ಥಿತಿಗೆ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಕಾಗದ. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಇದನ್ನು 2023ರಲ್ಲಿ ಸರಳ ಮಾಡಿತು. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. (ನೋಟರಿ ಕೆಲಸಕ್ಕೆ ಬರುವುದು ಇಲ್ಲಿ!) ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದನ್ನು ಜಾರಿ ಮಾಡಲು ಸುತ್ತೋಲೆಯನ್ನೂ ಹೊರಡಿಸಿದೆ. ಇದು ಮುಖ್ಯವಾಗಿ ಬದುಕುಳಿಯುವ ಭರವಸೆ ಇಲ್ಲದ ಹಂತದ ಚಿಕಿತ್ಸೆಗೆ. ಆದರೂ ನಿಮ್ಮ ಪರವಾಗಿ ಮಾತಾಡುವವರು ಯಾರು ಎಂದು ಹೆಸರು ಬರೆದಿರುವ ಕಾಗದ ಎಂಬ ಕಾರಣಕ್ಕೇ ಉಳಿದ ಸಂದರ್ಭದಲ್ಲೂ ತೂಕ ಬರುತ್ತದೆ. ಸಂಗಾತಿಯ ಜೊತೆಗೆ ಇನ್ನೊಬ್ಬ ನಂಬಿಕಸ್ಥರ ಹೆಸರೂ ಹಾಕಿ. ಮಾನಸಿಕ ಆರೋಗ್ಯದ ಚಿಕಿತ್ಸೆಗೆ ಇನ್ನೂ ಸುಲಭ. 2017ರ ಕಾಯ್ದೆ ಪ್ರಕಾರ ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿ ಯಾರನ್ನು ಬೇಕಾದರೂ ಪ್ರತಿನಿಧಿ ಮಾಡಿಕೊಳ್ಳಬಹುದು.

ಫ್ಲಾಟ್ ತಗೊಳ್ಳಿ, ಇಬ್ಬರ ಹೆಸರಲ್ಲೂ ತಗೊಳ್ಳಿ. ಕ್ರಯಪತ್ರದಲ್ಲಿ ಯಾರ ಪಾಲು ಎಷ್ಟು ಎಂದು ಬರೆಸಿ. ಸಾಲಕ್ಕೆ ಹೋದಾಗ ಜಂಟಿ ಅರ್ಜಿದಾರರು ಸಂಬಂಧಿಕರೇ ಆಗಬೇಕು ಎನ್ನುವ ಬ್ಯಾಂಕುಗಳು ಹಲವು. ಒಪ್ಪುವ ಬ್ಯಾಂಕ್ ಹುಡುಕಬೇಕಾಗುತ್ತದೆ. ಆದರೆ ಫ್ಲಾಟ್‌ಗಿಂತ ಮೊದಲು ವಿಲ್. ನೀವು ಹಿಂದೂಗಳೆಂದು ಊಹಿಸಿ ಹೇಳುತ್ತೇನೆ, ಬೇರೆ ಧರ್ಮವಾದರೆ ನಿಯಮ ಬೇರೆ. ಅವಿವಾಹಿತ ಹಿಂದೂ ಹೆಣ್ಣುಮಗಳು ವಿಲ್ ಇಲ್ಲದೆ ತೀರಿಕೊಂಡರೆ, ಮಕ್ಕಳಿಲ್ಲದಿದ್ದರೆ, ಆಕೆಯ ಪಾಲು ತಂದೆತಾಯಿಗೆ ಹೋಗುತ್ತದೆ. ಅಂದರೆ ನಿಮ್ಮ ಅರ್ಧ ಫ್ಲಾಟಿಗೆ ಅವಳ ಅಪ್ಪ-ಅಮ್ಮ ಪಾಲುದಾರರು, ಅವರ ನಂತರ ಆ ಅಣ್ಣ. ಸ್ವಂತ ದುಡಿಮೆಯ ಆಸ್ತಿಯನ್ನು ವಿಲ್ ಮೂಲಕ ಯಾರಿಗೆ ಬೇಕಾದರೂ ಕೊಡಬಹುದು. ಇಬ್ಬರೂ ಬೇರೆ ಬೇರೆ ವಿಲ್ ಬರೆಯಿರಿ. ಇಬ್ಬರು ಸಾಕ್ಷಿ ಸಾಕು, ಸಂಗಾತಿ ಮಾತ್ರ ಸಾಕ್ಷಿ ಹಾಕಬಾರದು. ನೋಂದಣಿ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿ. ನಿಮ್ಮ ವಿಲ್ ಅನ್ನು ಮನೆಯವರು ಪ್ರಶ್ನಿಸುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಅದಕ್ಕೇ ಆ ದಿನದ ಡಾಕ್ಟರ್ ಸರ್ಟಿಫಿಕೇಟ್ ಒಂದು ಇರಲಿ. ಹೆತ್ತವರಿಗೆ ಏಕೆ ಕೊಟ್ಟಿಲ್ಲ ಎಂಬ ಒಂದೆರಡು ಸಾಲೂ ಇರಲಿ.

ನಾಮಿನಿ ಮಾಡಿದರೆ ಆಯಿತಲ್ಲ ಎನ್ನುತ್ತೀರೇನೋ. ನಾಮಿನಿ ಹಣ ತೆಗೆದುಕೊಳ್ಳುವವರು, ಒಡೆಯರಲ್ಲ. ಷೇರುಗಳ ವಿಷಯದಲ್ಲೂ ಹೀಗೇ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಿಮೆಯಲ್ಲಿ ತಂದೆತಾಯಿ, ಗಂಡ-ಹೆಂಡತಿ, ಮಕ್ಕಳು ನಾಮಿನಿಯಾದರೆ ಹಣ ಅವರದೇ. ಸಂಗಾತಿ ಆ ಪಟ್ಟಿಯಲ್ಲಿಲ್ಲ. ಪಿಎಫ್, ಗ್ರಾಚ್ಯುಟಿಯಲ್ಲಿ ಇನ್ನೂ ಬಿಗಿ. ನಿಮ್ಮನ್ನೇ ನಂಬಿರುವ ತಂದೆತಾಯಿ ಇದ್ದರೆ ಅವರು "ಕುಟುಂಬ", ಹೊರಗಿನವರ ಹೆಸರು ನಿಲ್ಲುವುದಿಲ್ಲ. ಹಾಗಾಗಿ ನಾಮಿನಿಯೂ ಇರಲಿ, ವಿಲ್‌ನಲ್ಲೂ ಅದೇ ಹೆಸರಿರಲಿ.

ಬ್ಯಾಂಕ್ ಜಂಟಿ ಖಾತೆಗೆ ಈಗ ಅಡ್ಡಿಯಿಲ್ಲ. ಸುಪ್ರಿಯೋ ತೀರ್ಪಿನ ನಂತರ ಕೇಂದ್ರ ಸರ್ಕಾರ ಸಂಪುಟ ಕಾರ್ಯದರ್ಶಿ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. 2024ರ ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯ, ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ನಿರ್ಬಂಧವಿಲ್ಲ ಎಂದು ಸ್ಪಷ್ಟಪಡಿಸಿತು. ರೇಷನ್ ಕಾರ್ಡಿಗೆ ಒಂದೇ ಮನೆಯವರೆಂದು ಪರಿಗಣಿಸಬೇಕು, ಹತ್ತಿರದ ಬಂಧುಗಳಿಲ್ಲದಾಗ ಮೃತದೇಹ ಪಡೆಯಲು ಸಂಗಾತಿಗೆ ಅವಕಾಶ ಕೊಡಬೇಕು ಎಂಬ ಪತ್ರಗಳೂ ರಾಜ್ಯಗಳಿಗೆ ಹೋಗಿವೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ ಬ್ರಾಂಚಿನಲ್ಲಿ "ಸಿಸ್ಟಮ್‌ನಲ್ಲಿ ಆ ಆಪ್ಶನ್ ಇಲ್ಲ ಮೇಡಂ" ಎನ್ನಬಹುದು. ಸಚಿವಾಲಯದ ಆ ಸೂಚನೆಯ ಪ್ರಿಂಟ್ ತೆಗೆದುಕೊಂಡು ಹೋಗಿ. ವಾದ ಮಾಡುವುದಕ್ಕಿಂತ ಕಾಗದ ಮುಂದಿಟ್ಟರೆ ಕೆಲಸ ಬೇಗ.

ದುಡ್ಡಿನ ವಿಷಯದಲ್ಲಿ ಒಂದು ಎಚ್ಚರ. ಗಂಡ ಹೆಂಡತಿಗೆ ಎಷ್ಟು ಕೊಟ್ಟರೂ ಪಡೆದವರಿಗೆ ತೆರಿಗೆ ಇಲ್ಲ. ನಿಮ್ಮಿಬ್ಬರ ನಡುವೆ ವರ್ಷಕ್ಕೆ 50,000 ರೂಪಾಯಿ ಮೀರಿದ ಉಡುಗೊರೆ ಪಡೆದವರ ಆದಾಯವಾಗುತ್ತದೆ. ಇದನ್ನು ಪ್ರಶ್ನಿಸಿ ಒಂದು ಜೋಡಿ ಬಾಂಬೆ ಹೈಕೋರ್ಟಿಗೆ ಹೋಗಿದೆ. ಫ್ಲಾಟ್‌ನ ಕಂತು ಅವರವರ ಖಾತೆಯಿಂದ ಅವರವರ ಪಾಲಿಗೆ ತಕ್ಕಂತೆ ಕಟ್ಟಿದರೆ ಈ ತಲೆನೋವು ಇಲ್ಲ.

ಮಕ್ಕಳ ಬಗ್ಗೆ ನೀವು ಕೇಳಿಲ್ಲ, ಒಂದೇ ಮಾತು ಹೇಳಿಬಿಡುತ್ತೇನೆ. ಜೋಡಿಯಾಗಿ ದತ್ತು ಪಡೆಯಲು ಎರಡು ವರ್ಷದ ಸ್ಥಿರ ದಾಂಪತ್ಯ ಬೇಕು ಎಂಬ ನಿಯಮವನ್ನು ಸುಪ್ರೀಂ ಕೋರ್ಟ್ ಅದೇ ಸುಪ್ರಿಯೋ ತೀರ್ಪಿನಲ್ಲಿ 3:2ರಲ್ಲಿ ಉಳಿಸಿತು. ಒಂಟಿ ಮಹಿಳೆಯಾಗಿ ಅರ್ಜಿ ಹಾಕಲು ಕಾನೂನಿದೆ. ಆಗ ಕಾನೂನಿನ ತಾಯಿ ಒಬ್ಬರೇ.

ಕೊನೆಗೆ, ಮನೆಯಲ್ಲಿ ನೋಡುತ್ತಿರುವ ಗಂಡಿನ ವಿಷಯ. "ಸುಮ್ನೆ ಮದುವೆ ಅಂತ ಮಾಡಿಕೊಂಡು ಆಮೇಲೆ ನೋಡಿಕೊಂಡರಾಯಿತು" ಎಂದು ಕೆಲವರು ಒಪ್ಪಿಬಿಡುತ್ತಾರೆ. ಹೊಂದಾಣಿಕೆ ಎಂದು ಇಬ್ಬರೂ ಮೊದಲೇ ಮಾತಾಡಿಕೊಂಡು ಆಗುವ ಮದುವೆಗಳೂ ಇವೆ. ಕಾನೂನಿಗೆ ಹೊಂದಾಣಿಕೆ ಮದುವೆ ಎಂಬುದೇ ಇಲ್ಲ, ಅದು ಪೂರ್ತಿ ಮದುವೆ. ಅವನು ನಿಮ್ಮ ಮೊದಲ ವಾರಸುದಾರ. ಮಕ್ಕಳಿಲ್ಲದೆ, ವಿಲ್ ಇಲ್ಲದೆ ನೀವು ಹೋದರೆ ನಿಮ್ಮ ದುಡಿಮೆಯ ಪಾಲು ಅವನಿಗೆ, ಅವನಿಲ್ಲದಿದ್ದರೆ ಅವನ ಮನೆಯವರಿಗೆ. ನಿಮ್ಮ ಹೆತ್ತವರಿಗೂ ಅಲ್ಲ. ಹೊರಬರಬೇಕಾದರೆ ಕುಟುಂಬ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಏನೂ ಗೊತ್ತಿಲ್ಲದ ಹುಡುಗನಾದರೆ ಅವನಿಗೂ ಅದು ಅನ್ಯಾಯ.

ಮೊದಲು ಠಾಣೆಗೆ ಪತ್ರ, ಆಸ್ಪತ್ರೆ ಕಾಗದ ಮಾಡಿಸಿ. ವಿಲ್ ಆದ ಮೇಲೆ ಫ್ಲಾಟ್‌ಗೆ ಅಡ್ವಾನ್ಸ್ ಕೊಡಿ. ವಕೀಲರ ಫೀಸಿನ ಚಿಂತೆ ಇದ್ದರೆ ತಿಳಿದಿರಿ: ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದ ಮೂಲಕ ವಕೀಲರು ಉಚಿತ. ಸಹಾಯವಾಣಿ 15100. ಫೋನ್ ಮಾಡಿದಾಗ ಪೂರ್ತಿ ಕಥೆ ಹೇಳಬೇಕಿಲ್ಲ. "ವಯಸ್ಕಳು, ಮನೆಯವರಿಂದ ಬೆದರಿಕೆ ಇದೆ" ಎಂದಷ್ಟೇ ಹೇಳಿ ಭೇಟಿಯ ಸಮಯ ಕೇಳಿ.